ಬರಿ ನೆಲಕ್ಕೆ ಹಸಿರು ಹೊದಿಕೆ: ನೆಲಕ್ಕಂಟಿ ಬೆಳೆಯುವ ಗಿಡಗಳನ್ನು ಆರಿಸುವುದು, ನೆಡುವುದು, ಹದ್ದಿನಲ್ಲಿಡುವುದು

ಕಳೆ ಕಿತ್ತು ಚೊಕ್ಕಟ ಮಾಡಿದ ನೆಲವನ್ನು ಹಾಗೇ ಬಿಟ್ಟು ನೋಡಿ. ಒಂದು ಮಳೆ ಬಿದ್ದು ಹತ್ತು ದಿನ ಕಳೆಯಲಿ, ಅಲ್ಲಿ ಏನಾದರೊಂದು ಮೊಳೆತೇ ಇರುತ್ತದೆ. ನೆಲ ಬರಿದಾಗಿ ಉಳಿಯುವುದೇ ಇಲ್ಲ. ನಾವು ಏನೂ ಹೊದಿಸದಿದ್ದರೆ ಕಳೆ ಬಂದು ಹೊದಿಸುತ್ತದೆ. ಕಳೆ ಬರುವ ಮೊದಲೇ ಆ ಜಾಗವನ್ನು ನಮಗೆ ಬೇಕಾದ ಗಿಡಕ್ಕೆ ಕೊಟ್ಟುಬಿಡಬೇಕು. ನೆಲಹೊದಿಕೆ ಗಿಡ ಹಾಕುವುದು ಅಂದರೆ ಇಷ್ಟೇ.

ಮೇಲಕ್ಕೆ ಬೆಳೆಯುವುದಕ್ಕಿಂತ ಅಡ್ಡಕ್ಕೆ ಜಾಸ್ತಿ ಹರಡುವ ಗಿಡಗಳನ್ನೆಲ್ಲ ಈ ಗುಂಪಿಗೆ ಸೇರಿಸಬಹುದು. ಬೆರಳೆತ್ತರ ಇರದ ಪಾಚಿಯೂ ಇದರಲ್ಲಿ ಬರುತ್ತದೆ, ಮೊಣಕಾಲೆತ್ತರದ ಜರಿಗಿಡವೂ ಬರುತ್ತದೆ.

ಮೊದಲ ಸಲ ನಾನು ನೆಲಹೊದಿಕೆ ಹಾಕಿದಾಗ ಹೂವಿನ ಬಣ್ಣ ನೋಡಿ ಗಿಡ ತಂದಿದ್ದೆ. ಹೊಳೆಯುವ ಹಸಿರೆಲೆ, ಚಿಕ್ಕ ಸೂರ್ಯಕಾಂತಿಯಂಥ ಹಳದಿ ಹೂ. ವೆಡೇಲಿಯಾ ಅಂತ ಅದರ ಹೆಸರು. ಒಂದು ಮಳೆಗಾಲ ಕಣ್ಣಿಗೆ ಹಬ್ಬವಾಗಿತ್ತು. ಎರಡನೇ ಮಳೆಗಾಲದಲ್ಲಿ ಅದು ಪಕ್ಕದ ಗಿಡಗಳ ಮೇಲೆ ಹತ್ತಿತು. ಕತ್ತರಿಸಿ ಎಸೆದ ತುಂಡುಗಳು ಬಿದ್ದಲ್ಲೇ ಬೇರು ಬಿಟ್ಟವು. ಆಮೇಲೆ ಗೊತ್ತಾಯಿತು, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ ಅಂತ. ಅವತ್ತಿನಿಂದ ಯಾವ ಗಿಡ ಕೈಗೆ ಬಂದರೂ ನಾನು ಮೊದಲು ನೋಡುವುದು ಅದು ಹಬ್ಬುವ ರೀತಿಯನ್ನು. ಹೂ, ಎಲೆ, ಬಣ್ಣ ಎಲ್ಲ ಆಮೇಲೆ.

ನೆಡುವ ಮೊದಲು ಕಾಡಿನ ನೆಲ ನೋಡಿ ಬನ್ನಿ

ಹತ್ತಿರದಲ್ಲಿ ಕಾಡೋ ಹಳೆಯ ತೋಪೋ ಇದ್ದರೆ ಒಮ್ಮೆ ಹೋಗಿ ಮಂಡಿಯೂರಿ ಕುಳಿತುಕೊಳ್ಳಿ. ಒಂದು ಕಡೆ ತರಗೆಲೆಯನ್ನು ಮೆಲ್ಲಗೆ ಸರಿಸಿ. ಮೇಲಿನ ಪದರದಲ್ಲಿ ಒಣಗಿದ ಎಲೆ ಇನ್ನೂ ಎಲೆಯಾಗಿಯೇ ಇರುತ್ತದೆ. ಅದರ ಕೆಳಗೆ ನರಗಳಷ್ಟೇ ಉಳಿದು ಜಾಲರಿಯಾದ ಎಲೆ. ಇನ್ನೂ ಕೆಳಗೆ ಕಪ್ಪಗೆ, ತಣ್ಣಗೆ, ಬೆರಳಿಗೆ ಪುಡಿಪುಡಿಯಾಗಿ ಸಿಗುವ ಮಣ್ಣು. ಅದರೊಳಗೆ ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು. ಈ ಪದರಗಳ ನಡುವೆ ಜರಿಯ ಬೇರು, ಪಾಚಿ, ಯಾವುದೋ ಮರದ ಎರಡೆಲೆಯ ಸಸಿ. ನೋಡಿದ ಮೇಲೆ ಎಲೆಗಳನ್ನು ಇದ್ದ ಹಾಗೇ ಮುಚ್ಚಿ ಬನ್ನಿ.

ಈ ಹೊದಿಕೆಯ ಕೆಲಸ ಎಷ್ಟು ದೊಡ್ಡದು ಅಂದರೆ, ಎತ್ತರದ ಮರದ ಎಲೆಗಳ ಮೇಲೆ ಬಿದ್ದ ಮಳೆ ಅಲ್ಲೇ ಒಟ್ಟುಗೂಡಿ ದಪ್ಪ ಹನಿಯಾಗಿ ಕೆಳಗೆ ಬೀಳುತ್ತದೆ. ಅಂಥ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದವರೆಗೂ ಹೋಗಬಲ್ಲದು. ಕೆಳಗೆ ತರಗೆಲೆ, ಸಣ್ಣ ಗಿಡ ಏನೂ ಇಲ್ಲದಿದ್ದರೆ ಮರದಡಿಯ ಮಣ್ಣು ಬಯಲಿನ ಮಣ್ಣಿಗಿಂತಲೂ ಜಾಸ್ತಿ ಸಿಡಿದು ಕೊಚ್ಚಿಹೋಗಬಹುದು. ಮರ ನೆಟ್ಟರೆ ಸಾಕು, ಮಣ್ಣು ಉಳಿಯುತ್ತದೆ ಅಂತ ಹೇಳುತ್ತೇವಲ್ಲ, ಮಣ್ಣನ್ನು ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಈ ಕಾಲಡಿಯ ಗಿಡಗಳದ್ದೇ.

ಬೆಳಕಿನ ವಿಷಯದಲ್ಲೂ ಕಾಡಿನಿಂದ ಕಲಿಯುವುದಿದೆ. ದಟ್ಟ ಮಳೆಕಾಡಿನಲ್ಲಿ ನೆಲದವರೆಗೆ ತಲುಪುವುದು ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಎಲೆಗಳ ಸಂದಿನಿಂದ ಆಗಾಗ ಬಂದು ಹೋಗುವ ಬಿಸಿಲಿನ ಚುಕ್ಕೆಗಳನ್ನೇ ನಂಬಿಕೊಂಡು ಅಲ್ಲಿನ ಗಿಡಗಳು ಬದುಕುತ್ತವೆ. ಚಳಿ ದೇಶಗಳ ಎಲೆಯುದುರುವ ಕಾಡುಗಳಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿ ವುಡ್ ಅನೆಮೊನಿಯಂಥ ಗಿಡಗಳು ವಸಂತದಲ್ಲಿ ಮರಗಳು ಚಿಗುರುವ ಮೊದಲೇ ಎದ್ದು, ಹೂಬಿಟ್ಟು, ಬೀಜ ಕಟ್ಟಿ, ಮರದ ನೆರಳು ಕವಿದ ಮೇಲೆ ಮತ್ತೆ ಮಣ್ಣೊಳಗೆ ಮಲಗಿಬಿಡುತ್ತವೆ. ಉತ್ತರದ ಚಳಿಕಾಡುಗಳಲ್ಲಿ ಗೇಣೆತ್ತರವೂ ಬೆಳೆಯದ ಬಂಚ್‌ಬೆರಿ ಅಂತ ಒಂದು ಗಿಡ ಇದೆ. ಅದರ ಪುಟ್ಟ ಹೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನೊಳಗೆ ಸಿಡಿದು ತೆರೆದುಕೊಂಡು ಪರಾಗವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕಾಲಿನ ಕೆಳಗೆ ಇಷ್ಟೆಲ್ಲ ನಡೆಯುತ್ತಿರುತ್ತದೆ, ನಾವು ತಲೆ ಎತ್ತಿ ಮರ ನೋಡುತ್ತಾ ನಡೆದುಬಿಡುತ್ತೇವೆ.

ಹಂತ 1: ಜಾಗವನ್ನು ಓದಿ

ಗಿಡ ತರುವ ಮೊದಲು ಒಂದು ವಾರ ಜಾಗ ನೋಡಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಎಲ್ಲೆಲ್ಲಿ ಬಿಸಿಲು ಬೀಳುತ್ತದೆ ಅಂತ ಗುರುತು ಮಾಡಿಕೊಳ್ಳಿ. ಆರು ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬಿದ್ದರೆ ಅದು ಬಿಸಿಲಿನ ಜಾಗ. ಮೂರರಿಂದ ಆರು ಗಂಟೆ ಬಿದ್ದರೆ ಅರೆನೆರಳು. ಅದಕ್ಕಿಂತ ಕಡಿಮೆ ಇದ್ದರೆ ನೆರಳು.

ನೀರು ಇಂಗುತ್ತದೋ ಇಲ್ಲವೋ ತಿಳಿಯಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಪೂರ್ತಿ ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಈ ಎರಡನೇ ಸಲದ್ದೇ ಲೆಕ್ಕ. ಗಂಟೆಗೆ ಒಂದು ಇಂಚಿನಷ್ಟು ಇಳಿದರೆ ನೆಲ ಚೆನ್ನಾಗಿದೆ. ಮರುದಿನವೂ ನೀರು ನಿಂತಿದ್ದರೆ ತೇವ ಇಷ್ಟಪಡುವ ಗಿಡಗಳನ್ನೇ ಹುಡುಕಬೇಕು.

ಜನ ಎಲ್ಲಿ ಓಡಾಡುತ್ತಾರೆ ಅನ್ನುವುದನ್ನೂ ನೋಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ನೀರಿನ ನಲ್ಲಿಗೆ, ಗೇಟಿಗೆ, ಬಟ್ಟೆ ಒಣಹಾಕುವ ತಂತಿಗೆ ಹೋಗುವ ದಾರಿಯಲ್ಲಿ ಗಿಡ ನೆಟ್ಟು ತುಳಿಯಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಅಲ್ಲಿ ಮೊದಲೇ ಹಾಸುಗಲ್ಲು ಇಟ್ಟು, ಕಲ್ಲುಗಳ ನಡುವೆ ಗಿಡ ನೆಡಿ.

ಹಂತ 2: ಹಬ್ಬುವ ರೀತಿ ನೋಡಿ ಗಿಡ ಆರಿಸಿ

ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ.

ಒಂದೆಲಗದ ಒಂದು ಬಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿ. ದಾರದಷ್ಟು ತೆಳ್ಳಗೆ, ಸ್ವಲ್ಪ ಕೆಂಪಗಿರುತ್ತದೆ. ಬೆರಳಿನಿಂದ ಮೆಲ್ಲಗೆ ಎತ್ತುತ್ತಾ ಹೋದರೆ ಸ್ವಲ್ಪ ದೂರ ಸುಲಭವಾಗಿ ಮೇಲೇಳುತ್ತದೆ, ಆಮೇಲೆ ತಡೆಯುತ್ತದೆ. ಆ ತಡೆದ ಜಾಗದಲ್ಲಿ ಒಂದು ಗೆಣ್ಣು. ಗೆಣ್ಣಿನಿಂದ ಮೇಲಕ್ಕೆ ಮಡಚಿದ ಪುಟ್ಟ ಎಲೆ, ಕೆಳಕ್ಕೆ ಬಿಳಿ ಬೇರು. ಎರಡು ಕಡೆ ಬಳ್ಳಿ ಕತ್ತರಿಸಿದರೂ ಆ ಗೆಣ್ಣು ತಾನೇ ಒಂದು ಗಿಡವಾಗಿ ಬದುಕುತ್ತದೆ. ಸ್ಟ್ರಾಬೆರಿ ಕೂಡ ಹೀಗೇ. ಕಡಲ ಮರಳಿನ ಮೇಲೆ ಮೀಟರುಗಟ್ಟಲೆ ಓಡುವ ಅಡುಂಬು ಬಳ್ಳಿಯೂ ಹೀಗೇ ಅಲ್ಲಲ್ಲಿ ಬೇರೂರಿ ಮರಳು ಹಿಡಿಯುತ್ತದೆ. ಇಂಥ ಗಿಡಗಳು ಬೇಗ ತುಂಬುತ್ತವೆ. ಮೇಲೆ ಕಾಣುವಂತೆ ಹರಿಯುವುದರಿಂದ ಅಂಚು ಕತ್ತರಿಸುವುದು ಸುಲಭ.

ಎರಡನೇ ಬಗೆ ಮಣ್ಣೊಳಗೇ ಹರಿದು ದೂರದಲ್ಲಿ ತಲೆ ಎತ್ತುತ್ತದೆ. ಗರಿಕೆ ಮೇಲೂ ಓಡುತ್ತದೆ, ಒಳಗೂ ಓಡುತ್ತದೆ. ಅದಕ್ಕೇ ಹೂವಿನ ಮಡಿಗೆ ಹೊಕ್ಕರೆ ಬಿಡಿಸುವುದು ಅಷ್ಟು ಕಷ್ಟ. ಇಂಥ ಗಿಡ ಹಾಕುವುದಿದ್ದರೆ ಸುತ್ತ ಗೇಣಿನಷ್ಟು ಆಳಕ್ಕೆ ಕಲ್ಲು ಅಥವಾ ಗಟ್ಟಿ ಹಾಳೆಯ ಅಂಚು ಹೂಳಿ.

ಮೂರನೇ ಬಗೆ ಬುಡದಲ್ಲೇ ಮರಿ ಹಾಕುತ್ತಾ ನಿಧಾನವಾಗಿ ಅಗಲವಾಗುತ್ತದೆ. ಮೊಂಡೋ ಹುಲ್ಲು, ಲಿಲಿಟರ್ಫ್, ಹಲವು ಜರಿಗಳು ಹೀಗೆ. ಮುಚ್ಚಲು ಎರಡು ಮೂರು ವರ್ಷ ಬೇಕು, ಆದರೆ ಹದ್ದು ಮೀರುವುದಿಲ್ಲ. ತಾಳ್ಮೆ ಇದ್ದರೆ ನನ್ನ ಮೊದಲ ಆಯ್ಕೆ ಇವೇ.

ನಾಲ್ಕನೆಯದು ಒಂದೇ ಬುಡದಿಂದ ಚಾಪೆಯಂತೆ ರೆಂಬೆ ಚಾಚುವುದು. ವಿಷ್ಣುಕ್ರಾಂತಿ, ಕೊಮ್ಮೆ ಹೀಗೆ ಬೆಳೆಯುತ್ತವೆ. ದೂರದಿಂದ ನೆಲ ತುಂಬಿದಂತೆ ಕಂಡರೂ ನಡುವಿನ ಬುಡ ಹೋದರೆ ಅಷ್ಟೂ ಜಾಗ ಖಾಲಿ. ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಇವನ್ನು ಮಾತ್ರ ನಂಬಬೇಡಿ.

ಇನ್ನು ಜಾಗಕ್ಕೆ ತಕ್ಕ ಗಿಡ. ಬಿಸಿಲು ಜಾಸ್ತಿ, ನೀರು ಕಡಿಮೆ ಇರುವಲ್ಲಿ ಟೇಬಲ್ ರೋಸ್ ಅಂತ ಕರೆಯುವ ಪೋರ್ಚುಲಾಕ, ಸೀಡಮ್, ನೀರು ನಿಲ್ಲದ ಮಣ್ಣಿದ್ದರೆ ಥೈಮ್. ಅರೆನೆರಳಿಗೆ ಹಳದಿ ಹೂವಿನ ಪಿಂಟೋ ಶೇಂಗಾ ನನಗೆ ತುಂಬ ಇಷ್ಟ. ಬ್ರೆಜಿಲ್ ಮೂಲದ ಈ ಗಿಡ ಶೇಂಗಾದ ದಾಯಾದಿ. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾದಿಂದಾಗಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಕೊಡುತ್ತದೆ, ರಾತ್ರಿ ಎಲೆ ಮಡಚಿ ಮಲಗುತ್ತದೆ. ಬಿಸಿಲಿಗೂ ಸೈ. ಒದ್ದೆ ಜಾಗಕ್ಕೆ ಒಂದೆಲಗ, ನೀರು ಬ್ರಾಹ್ಮಿ. ಪೂರ್ತಿ ನೆರಳಿಗೆ ಮೊಂಡೋ ಹುಲ್ಲು, ಜರಿ, ಸೆಲಾಜಿನೆಲ್ಲ. ಆಗಾಗ ಕಾಲು ಬೀಳುವ ಕಡೆ ನೆಲಹಿಪ್ಪಲಿ ಅಥವಾ ಗರಿಕೆ. ದಿನವೂ ಆಟ ಆಡುವ ಜಾಗಕ್ಕೆ ಹುಲ್ಲುಹಾಸೇ ಸರಿ, ಬೇರೆ ಯಾವ ನೆಲಹೊದಿಕೆಯೂ ಅಷ್ಟು ತುಳಿತ ತಡೆಯುವುದಿಲ್ಲ.

ಎರಡು ಎಚ್ಚರಿಕೆ. ವೆಡೇಲಿಯಾವನ್ನು ಹೊಸದಾಗಿ ನೆಡಬೇಡಿ. ಐವಿ ಬಳ್ಳಿ ಉತ್ತರ ಅಮೆರಿಕದ ಕಾಡುಗಳಲ್ಲಿ, ಬಿಳಿ ಹೂವಿನ ಟ್ರಾಡೆಸ್ಕಾಂಶಿಯಾ ನ್ಯೂಜಿಲೆಂಡಿನ ಕಾಡುಗಳಲ್ಲಿ ಹೊಕ್ಕು ಮರದ ಸಸಿಗಳೇ ಏಳದಂತೆ ಮಾಡಿವೆ. ಎರಡೂ ತೋಟಕ್ಕೆ ಅಂತ ತಂದ ಗಿಡಗಳೇ. ನಿಮ್ಮ ತೋಟದ ಬೇಲಿಯಾಚೆ ಕಾಡು, ಹಳ್ಳ, ಕೆರೆ ಇದ್ದರೆ ಆ ನೆಲದಲ್ಲೇ ಹುಟ್ಟಿದ ಗಿಡಗಳನ್ನು ಮಾತ್ರ ನೆಡಿ. ಇನ್ನೊಂದು, ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಲಿಲಿ ಆಫ್ ದಿ ವ್ಯಾಲಿ ಬೇಡವೇ ಬೇಡ. ಅದರ ಎಲೆ, ಹೂ, ಹಣ್ಣು ಎಲ್ಲವೂ ವಿಷ.

ಹಂತ 3: ಕಳೆಯ ಬೇರು ತೆಗೆಯಿರಿ

ಇಲ್ಲಿ ಅವಸರ ಮಾಡಿದರೆ ಮುಂದೆ ಪ್ರತಿ ವಾರ ಅನುಭವಿಸಬೇಕು. ಹೊದಿಕೆ ಗಿಡದ ನಡುವೆ ಎದ್ದ ಕೊನ್ನಾರಿಯನ್ನು ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಆಮೇಲೆ ಅದನ್ನು ಅಗೆಯಲು ಹೋದರೆ ನೆಟ್ಟ ಗಿಡವೂ ಹೋಗುತ್ತದೆ.

ಬಯಲು ಜಾಗವಾದರೆ ಅಗೆದು, ಗಡ್ಡೆ ಬೇರುಗಳನ್ನು ಆರಿಸಿ, ನೀರು ಹಾಕಿ ಎರಡು ವಾರ ಸುಮ್ನೆ ಬಿಡಿ. ಉಳಿದದ್ದು ಚಿಗುರುತ್ತದೆ. ಮತ್ತೆ ತೆಗೆಯಿರಿ. ಹೀಗೆ ಎರಡು ಮೂರು ಸಲ ಮಾಡಿ. ಬಿರು ಬೇಸಿಗೆಯಲ್ಲಿ ಇನ್ನೊಂದು ದಾರಿ ಇದೆ. ನೆಲ ಸಮ ಮಾಡಿ, ಚೆನ್ನಾಗಿ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಒತ್ತಿ ಹಾಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಒಳಗಿನ ಶಾಖಕ್ಕೆ ಮೇಲ್ಮಣ್ಣಿನ ಕಳೆಬೀಜ ಬಹುಪಾಲು ಸಾಯುತ್ತವೆ. ಆಳದ ಕೊನ್ನಾರಿ ಗಡ್ಡೆಗೆ ಮಾತ್ರ ಇದು ಪೂರ್ತಿ ಮದ್ದಲ್ಲ.

ಅಗೆಯಲು ಆಗದಿದ್ದರೆ ರಟ್ಟು ಹಾಸಿ. ಟೇಪು, ಪಿನ್ನು ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಒಂದರ ಮೇಲೊಂದು ಗೇಣಗಲ ಬರುವಂತೆ ಜೋಡಿಸಿ, ನೆನೆಸಿ, ಮೇಲೆ ಮೂರು ನಾಲ್ಕು ಇಂಚು ತರಗೆಲೆ ಅಥವಾ ಕಾಂಪೋಸ್ಟ್ ಹರಡಿ. ಕೆಲವು ತಿಂಗಳಲ್ಲಿ ಕೆಳಗಿನ ಹುಲ್ಲು ಸತ್ತು ರಟ್ಟು ಮೆತ್ತಗಾಗುತ್ತದೆ.

ಮರದ ಬುಡದಲ್ಲಿ ಮಾತ್ರ ಪಿಕಾಸಿ, ಟಿಲ್ಲರ್ ಮುಟ್ಟಬೇಡಿ. ಮರಕ್ಕೆ ನೀರು, ಆಹಾರ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಕೈಯಲ್ಲೇ ಕಳೆ ಕೀಳಿ. ಬೇರುಗಳ ನಡುವೆ ಕೈಗುದ್ದಲಿಯಿಂದ ಹಿಡಿಯಷ್ಟು ದೊಡ್ಡ ಗುಣಿ ಮಾಡಿ. ದಪ್ಪ ಬೇರು ಅಡ್ಡ ಬಂದರೆ ನೀವೇ ಪಕ್ಕಕ್ಕೆ ಸರಿಯಿರಿ. ಮರದಡಿ ಒಂದು ಇಂಚಿಗಿಂತ ಜಾಸ್ತಿ ಹೊಸ ಮಣ್ಣು ಹೇರಬೇಡಿ, ಕಾಂಡಕ್ಕೆ ತಾಗಿಸಿ ಏನನ್ನೂ ಗುಡ್ಡೆ ಹಾಕಬೇಡಿ.

ಹಂತ 4: ಎಷ್ಟು ಗಿಡ ಬೇಕು?

ಗಿಡಗಳ ನಡುವಿನ ಅಂತರದ ಮೇಲೆ ಲೆಕ್ಕ. ಒಂದು ಚದರ ಮೀಟರಿಗೆ 15 ಸೆಂ.ಮೀ. ಅಂತರದಲ್ಲಿ ಸುಮಾರು 44 ಗಿಡ, 20 ಸೆಂ.ಮೀ.ಗೆ 25, 30 ಸೆಂ.ಮೀ.ಗೆ 11 ಗಿಡ ಬೇಕಾಗುತ್ತವೆ. ಅಂಕುಡೊಂಕು ಸಾಲಿನಲ್ಲಿ ನೆಟ್ಟರೆ ನೂರಕ್ಕೆ 15ರಷ್ಟು ಜಾಸ್ತಿ ಗಿಡ ಹಿಡಿಸುತ್ತದೆ, ನೆಲವೂ ಬೇಗ ಮುಚ್ಚುತ್ತದೆ. ಓಡುವ ಬಳ್ಳಿಗೆ 30, ಬುಡದಲ್ಲಿ ಮರಿಹಾಕುವ ಗಿಡಕ್ಕೆ 15ರಿಂದ 20 ಇಟ್ಟುಕೊಳ್ಳಿ.

ಅಷ್ಟನ್ನೂ ಕೊಳ್ಳಬೇಕಿಲ್ಲ. ಹತ್ತು ಗಿಡ ತಂದು ಒಂದು ಮೂಲೆಯಲ್ಲಿ ನರ್ಸರಿ ಮಾಡಿ. ಬಳ್ಳಿಯಾದರೆ ಮೂರು ನಾಲ್ಕು ಗೆಣ್ಣಿರುವ, ಬೆರಳುದ್ದದ ತುಂಡು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆರಳಲ್ಲಿ ನೆಡಿ. ಎರಡು ಮೂರು ವಾರ ತೇವ ಆರದಿದ್ದರೆ ಬಹುತೇಕ ಬೇರು ಬಂದಿರುತ್ತದೆ. ಮೆಲ್ಲಗೆ ಎಳೆದು ನೋಡಿ, ತಡೆದರೆ ಬಂದಿದೆ ಅಂತ ಅರ್ಥ. ಮೊಂಡೋ ಹುಲ್ಲಿನಂಥದ್ದನ್ನು ಬುಡಸಮೇತ ಎಬ್ಬಿಸಿ, ಪ್ರತಿ ಮರಿಗೂ ಬೇರು ಇರುವಂತೆ ಬಿಡಿಸಿದರೆ ಸಾಕು.

ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಉತ್ತರ ಅಮೆರಿಕದ ಕಾಡಿನ ನೆಲದಲ್ಲಿ ಬೆಳೆಯುವ ದೊಡ್ಡ ಬಿಳಿ ಹೂವಿನ ಟ್ರಿಲಿಯಂ ಬೀಜದಿಂದ ಹುಟ್ಟಿ ಮೊದಲ ಹೂ ಬಿಡಲು ಏಳು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಅದರ ಬೀಜ ಹೊತ್ತು ಹರಡುವುದು ಇರುವೆಗಳು, ಒಂದು ಸಲಕ್ಕೆ ಕೆಲವೇ ಅಡಿ ದೂರ. ಒಂದು ಗುಂಪು ಗಿಡ ಅಗೆದು ತಂದರೆ ಆ ಜಾಗ ಮತ್ತೆ ತುಂಬಲು ನಮ್ಮ ಆಯುಸ್ಸು ಸಾಲದೇ ಹೋಗಬಹುದು.

ಹಂತ 5: ನೆಡುವುದು

ಮಳೆಗಾಲದ ಶುರು ಒಳ್ಳೆಯ ಹೊತ್ತು. ಹಿಮ ಬೀಳುವ ಕಡೆ ವಸಂತ. ಮೋಡ ಇರುವ ದಿನ ಅಥವಾ ಸಂಜೆ ನೆಡಿ. ಮರದಡಿಯಲ್ಲದ ಜಾಗದಲ್ಲಿ ಮೊದಲು ಎರಡು ಇಂಚು ಕಾಂಪೋಸ್ಟ್ ಹರಡಿ ಮೇಲ್ಮಣ್ಣಿಗೆ ಬೆರೆಸಿ. ಥೈಮ್, ಸೀಡಮ್ ಹಾಕುವಲ್ಲಿ ಗೊಬ್ಬರ ಬೇಡ, ಕೊಬ್ಬಿದರೆ ಕೊಳೆಯುತ್ತವೆ.

ಗಿಡ ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಬೇರು ಸುರುಳಿ ಸುತ್ತಿದ್ದರೆ ಬೆರಳಲ್ಲಿ ಬಿಡಿಸಿ. ಉದ್ದ ಬಳ್ಳಿ ಇದ್ದರೆ ಖಾಲಿ ಜಾಗದ ಕಡೆ ತಿರುಗಿಸಿ, ಗೆಣ್ಣಿನ ಮೇಲೆ ಒಂದು ಚಿಟಿಕೆ ಮಣ್ಣು ಹಾಕಿ ಪುಟ್ಟ ಕಲ್ಲು ಇಡಿ. ಬುಡದ ಮಣ್ಣನ್ನು ಎರಡೂ ಅಂಗೈಯಿಂದ ಒತ್ತಿ. ಒಂದು ಎಲೆ ಹಿಡಿದು ಹಗುರಾಗಿ ಎಳೆದರೆ ಗಿಡ ಕದಲಬಾರದು. ಆಮೇಲೆ ಶವರ್ ಇರುವ ಝಾರಿಯಲ್ಲಿ ನಿಧಾನವಾಗಿ ನೀರು ಹಾಕಿ, ಸಾಲುಗಳ ನಡುವೆ ಒಂದೆರಡು ಇಂಚು ತರಗೆಲೆ ಹರಡಿ. ಗಿಡದ ನೆತ್ತಿ ಮುಚ್ಚಬಾರದು.

ಇಳಿಜಾರು ಇದ್ದರೆ ಕ್ರಮ ಸ್ವಲ್ಪ ಬೇರೆ. ಮೇಲಿನಿಂದ ಕೆಳಕ್ಕೆ ನೇರ ಸಾಲು ಮಾಡಿದರೆ ಅದೇ ನೀರು ಹರಿಯುವ ಕಾಲುವೆಯಾಗುತ್ತದೆ. ಅಡ್ಡ ಸಾಲು ಹಿಡಿಯಿರಿ, ಕೆಳಗಿನ ಸಾಲಿನ ಗಿಡ ಮೇಲಿನ ಎರಡು ಗಿಡಗಳ ನಡುವೆ ಬರಲಿ. ಪ್ರತಿ ಗಿಡದ ಕೆಳಮಗ್ಗುಲಲ್ಲಿ ಅರ್ಧಚಂದ್ರದಂತೆ ಪುಟ್ಟ ಬದು ಕಟ್ಟಿ. ತುಂಬ ಕಡಿದಾಗಿದ್ದರೆ ತೆಂಗಿನ ನಾರಿನ ಜಾಲರಿ ಹಾಸಿ, ಗೂಟ ಹೊಡೆದು, ಅದರ ಕಣ್ಣುಗಳಲ್ಲೇ ನೆಡಿ. ನಾರು ಕೊಳೆಯುವಷ್ಟರಲ್ಲಿ ಬೇರು ಮಣ್ಣು ಹಿಡಿದಿರುತ್ತದೆ.

ಪಾಚಿಯ ಮಾತು ಬೇರೆ

ಪಾಚಿಗೆ ನಿಜವಾದ ಬೇರಿಲ್ಲ. ನೀರು ಹೀರುವುದು ಹೆಚ್ಚಾಗಿ ಎಲೆಯಿಂದಲೇ. ಹಾಗಾಗಿ ಗೊಬ್ಬರ ಬೇಡ, ಸಡಿಲ ಮಣ್ಣೂ ಬೇಡ. ಗಟ್ಟಿಯಾಗಿ ತಟ್ಟಿದ, ತುಸು ಹುಳಿಗುಣದ ಮಣ್ಣು, ನೆರಳು, ತೇವ ಇದ್ದರೆ ಸಾಕು. ಮಜ್ಜಿಗೆಯಲ್ಲಿ ರುಬ್ಬಿ ಬಳಿಯಿರಿ ಅಂತ ಎಲ್ಲ ಕಡೆ ಹೇಳುತ್ತಾರೆ. ನನಗಂತೂ ಅದರಿಂದ ಬೂಷ್ಟು ಬಂದದ್ದೇ ಜಾಸ್ತಿ. ತೋಟದಲ್ಲೇ ಇರುವ ಪಾಚಿಯನ್ನು ಅಂಗೈಯಗಲ ಎಬ್ಬಿಸಿ, ಒದ್ದೆ ಮಣ್ಣಿಗೆ ಒತ್ತಿ ಕೂರಿಸಿ, ಒಂದು ತಿಂಗಳು ದಿನಾ ನೀರು ಚಿಮುಕಿಸುವುದೇ ಒಳ್ಳೆಯದು. ಬಿದ್ದ ಎಲೆಗಳನ್ನು ಮೆತ್ತನೆ ಪೊರಕೆಯಲ್ಲಿ ಗುಡಿಸುತ್ತಿರಬೇಕು. ಜಪಾನಿನ ಕ್ಯೋಟೋದಲ್ಲಿ ಸೈಹೋ-ಜಿ ಅನ್ನುವ ದೇವಾಲಯದ ತೋಟದಲ್ಲಿ 120ರಷ್ಟು ಬಗೆಯ ಪಾಚಿ ಇವೆ. ತೋಟ ಮಾಡಿದವರು ಅದನ್ನು ಪಾಚಿಗಾಗಿ ಮಾಡಿದ್ದಲ್ಲ. ನೋಡಿಕೊಳ್ಳುವವರಿಲ್ಲದ ಕಾಲದಲ್ಲಿ ತಾನಾಗಿ ಬಂದದ್ದು, ಈಗ ಅದೇ ತೋಟದ ಹೆಸರಾಗಿದೆ.

ಹಂತ 6: ಮೊದಲ ವರ್ಷ, ಆಮೇಲೆ

ಮೊದಲ ಎರಡು ವಾರ ದಿನಾ ನೀರು. ಮುಂದಿನ ಒಂದು ತಿಂಗಳು ಎರಡು ಮೂರು ದಿನಕ್ಕೊಮ್ಮೆ, ಆದರೆ ಆಳಕ್ಕೆ ಇಳಿಯುವಂತೆ. ಮಳೆ ಬಂದರೆ ಬಿಟ್ಟುಬಿಡಿ. ಮರದಡಿಯ ಗಿಡಗಳಿಗೆ ಮಾತ್ರ ಮಳೆ ಬಂದ ದಿನವೂ ಬೆರಳಿಟ್ಟು ನೋಡಿ. ಮೇಲಿನ ಎಲೆಗಳು ಸಣ್ಣ ಮಳೆಯನ್ನು ಕೆಳಗೆ ಬಿಡುವುದೇ ಇಲ್ಲ.

ಮೊದಲ ವರ್ಷ ವಾರಕ್ಕೊಮ್ಮೆ ಕಳೆ ಕೀಳಲೇಬೇಕು. ನೆಲಹೊದಿಕೆ ಹಾಕಿದರೆ ಕಳೆ ಬರಲ್ಲ ಅನ್ನುವ ಮಾತು ನೆಲ ಪೂರ್ತಿ ಮುಚ್ಚಿದ ಮೇಲೆ ನಿಜ, ಅಲ್ಲಿಯವರೆಗೆ ಅಲ್ಲ. ಕಳೆ ಎರಡೆಲೆ ಇದ್ದಾಗಲೇ ಕಿತ್ತರೆ ಐದು ನಿಮಿಷದ ಕೆಲಸ.

ನೆಲ ಮುಚ್ಚಿದ ಮೇಲೆ ವರ್ಷಕ್ಕೆ ಒಂದೆರಡು ಸಲ ಮೇಲಿನಿಂದ ಮೂರರಲ್ಲಿ ಒಂದು ಪಾಲು ಕತ್ತರಿಸಿ. ಬುಡದಿಂದ ಹೊಸ ಚಿಗುರು ಬಂದು ಹೊದಿಕೆ ದಟ್ಟವಾಗುತ್ತದೆ. ಮನೆಗೋಡೆಯ ಪಕ್ಕ ಎರಡು ಅಡಿ ಜಾಗ ಖಾಲಿ ಬಿಡಿ. ಗೋಡೆಗೆ ತೇವ ಹಿಡಿಯುವುದಿಲ್ಲ, ಇಲಿ ಹೆಗ್ಗಣ ಅಡಗುವುದೂ ಕಡಿಮೆ. ಹೊದಿಕೆ ಮೇಲೆ ಬಿದ್ದ ತರಗೆಲೆಯನ್ನು ಪೂರ್ತಿ ಗುಡಿಸಬೇಡಿ. ಗಿಡ ಮುಚ್ಚಿಹೋಗುವಷ್ಟು ದಪ್ಪ ಇದ್ದರೆ ಮಾತ್ರ ತೆಗೆದು, ಉಳಿದದ್ದನ್ನು ಕೈಯಿಂದ ಅಲ್ಲಾಡಿಸಿ ಕೆಳಕ್ಕೆ ಬೀಳಿಸಿ.

ಎಲೆ ಹಳದಿಯಾಗಿ ಬುಡ ಕೊಳೆತರೆ ನೀರು ಜಾಸ್ತಿಯಾಗಿದೆ. ಬಳ್ಳಿ ಉದ್ದವಾಗಿ, ಗೆಣ್ಣುಗಳು ದೂರ ದೂರವಾಗಿ, ನೆಲ ಕಾಣುತ್ತಿದ್ದರೆ ಬೆಳಕು ಸಾಲದು. ಮೂರು ನಾಲ್ಕು ವರ್ಷಕ್ಕೆ ಕೆಲವು ಗಿಡಗಳ ನಡುಭಾಗ ಬೋಳಾಗುತ್ತದೆ. ಗಾಬರಿ ಬೇಡ. ಬೋಳಾದ ಹಳೆಯ ಬುಡವನ್ನು ಅಗೆದು ತೆಗೆಯಿರಿ, ಎರಡು ಹಿಡಿ ಕಾಂಪೋಸ್ಟ್ ಹಾಕಿ, ಅದೇ ಗಿಡದ ಅಂಚಿನಲ್ಲಿ ಹೊಸದಾಗಿ ಬೇರೂರಿದ ಬಳ್ಳಿಗಳನ್ನು ಎಬ್ಬಿಸಿ ಆ ಜಾಗಕ್ಕೆ ನೆಡಿ. ಮಿಕ್ಕ ತುಂಡುಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಟ್ಟರೆ ಒಂದೆರಡು ದಿನ ಬಾಡುವುದಿಲ್ಲ. ಅಷ್ಟರೊಳಗೆ ತೋಟದ ಇನ್ನೊಂದು ಖಾಲಿ ಮೂಲೆಗೆ ನೆಟ್ಟುಬಿಡಿ.